ಸಂಕಟ ಉಂಟಾ ಎಂದು ಕೇಳಿದಾಗ

ಆಪರೇಷನ್ ಆಗಿ ಐದು ತಿಂಗಳಾದರೂ ನನ್ನ ಗಂಡನಿಗೆ ಅಂಗಿ ಹಾಕಲು ಆಗುತ್ತಿರಲಿಲ್ಲ. ನಲವತ್ತು ವರ್ಷ ಕಬಕದ ಜಂಕ್ಷನ್ನಿನಲ್ಲಿ ಊರವರಿಗೆಲ್ಲ ಅಂಗಿ ಹೊಲಿದು ಕೊಟ್ಟ ಮನುಷ್ಯ ಜಗಲಿಯ ಕುರ್ಚಿಯಲ್ಲಿ ಹೆಗಲಿಗೊಂದು ಬೈರಾಸು ಹಾಕಿಕೊಂಡು ಕೂತಿರುತ್ತಿದ್ದರು. ಆ ಬೈರಾಸಿನ ತುದಿ ಕೂಡ ಎದೆಗೆ ತಾಗದ ಹಾಗೆ ಬೆನ್ನಿನ ಕಡೆಗೆ ಇಳಿಬಿಟ್ಟಿರುತ್ತಿದ್ದರು. ಬಟ್ಟೆ ತಾಗಿದರೆ ಎಡಗಡೆ ಎದೆ ಉರಿಯುತ್ತದೆ ಎನ್ನುತ್ತಿದ್ದರು. ಗಾಯ ಒಣಗಿತ್ತು, ಎಲುಬು ಕೂಡಿತ್ತು, ಹೃದಯ ಚೆನ್ನಾಗಿ ಓಡುತ್ತಿದೆ ಎಂದು ಪರೀಕ್ಷೆ ಮಾಡಿದವರು ಹೇಳಿದ್ದರು. ಅಂಗಿ ಇಲ್ಲದೆ ಬಸ್ಸು ಹತ್ತುವುದು ಹೇಗೆ, ಅಂಗಡಿಗೆ ಹೋಗುವುದು ಹೇಗೆ? ಮನೆಯಲ್ಲಿದ್ದ ಹೊಲಿಗೆ ಮಿಶನ್ನಿಗೆ ಹೊದೆಸಿದ ಹಳೆ ಲುಂಗಿಯ ಮೇಲೆ ಧೂಳು ಕೂತಿತ್ತು. ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ಇದು ಇನ್ನು ಹೀಗೆಯೇ ಇರುತ್ತದೆಯೋ ಎಂದು ಇವರು ಕೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಕೇಳದೆ ಇರುವುದೇ ನಮ್ಮ ಮನೆಯ ಕ್ರಮವಾಗಿತ್ತು. ಅದರಲ್ಲಿ ನನ್ನ ಪಾಲೇ ಹೆಚ್ಚು ಎಂದು ಈಗ ಗೊತ್ತಾಗಿದೆ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ನನಗೊಂದು ಅಭ್ಯಾಸ ಉಂಟು. ಇಚಿಲಂಪಾಡಿಯ ತವರಿನಲ್ಲಿ ಅಮ್ಮನಿಂದ ಬಂದದ್ದು. ಮುಸ್ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಆ ದಿನ ಆದ ಮೂರು ಒಳ್ಳೆಯ ಸಂಗತಿಗಳನ್ನು ದೇವರಿಗೆ ಹೇಳಬೇಕು. ದೊಡ್ಡದೇ ಆಗಬೇಕೆಂದಿಲ್ಲ. ಹಾಲು ಉಕ್ಕುವ ಮೊದಲೇ ನೆನಪಾಯಿತು, ಗ್ಯಾಸ್ ಬಂತು, ಪಕ್ಕದ ಮನೆಯವರು ಒಂದು ಹಿಡಿ ಬಸಳೆ ಕೊಟ್ಟರು, ಅಷ್ಟಾದರೂ ಸಾಕು. ಮದುವೆಯಾಗಿ ಬಂದ ದಿನದಿಂದ ಒಂದೇ ಒಂದು ಸಂಜೆ ಬಿಟ್ಟರೆ ಇದನ್ನು ತಪ್ಪಿಸಿದವಳಲ್ಲ. ಮಕ್ಕಳಿಲ್ಲದ ಮನೆಯಲ್ಲಿ ನನ್ನನ್ನು ನೇರವಾಗಿ ನಿಲ್ಲಿಸಿದ್ದು ಇದೇ. ಆದರೆ ಈ ಎಣಿಕೆಯ ಜೋರಿನಲ್ಲಿ ಪಕ್ಕದಲ್ಲಿದ್ದವರ ಬಾಯಿ ಮುಚ್ಚಿಬಿಡುತ್ತೇನೆ ಎಂದು ನನಗೆ ಹೊಳೆದಿರಲಿಲ್ಲ.

ಇವರಿಗೆ ಮೊದಲು ತೊಂದರೆ ಕಾಣಿಸಿದ್ದು ಮಿಶನ್ ತುಳಿಯುವಾಗ. ಎದೆಯಲ್ಲಿ ಭಾರ, ಎಡಗೈಯಲ್ಲಿ ಸೆಳೆತ. ವಾಯು ಎಂದು ಓಮದ ನೀರು ಕುಡಿದರು. ಪುತ್ತೂರಿನ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿ ಮೂರು ಕಡೆ ಬ್ಲಾಕ್ ಉಂಟು, ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು. ದಿನ ಗೊತ್ತಾಯಿತು, ನಡುವೆ ಹನ್ನೆರಡು ದಿನ ಇತ್ತು. ಆಪರೇಷನ್ ಚೆನ್ನಾಗಿ ಆದರೆ ಇವರೇ ಕುಕ್ಕೆಗೆ ಬಂದು ನಿನ್ನ ಮುಂದೆ ನಿಲ್ಲುತ್ತಾರೆ ಎಂದು ನಾನು ಆ ದಿನವೇ ಸುಬ್ರಾಯ ದೇವರಿಗೆ ಹರಕೆ ಹೇಳಿಕೊಂಡೆ.

ಆ ಹನ್ನೆರಡು ದಿನಗಳಲ್ಲಿ ಇವರು ಮೂರು ನಾಲ್ಕು ಸಲ ಮಾತು ಸುರು ಮಾಡಿದ್ದು ನನಗೆ ನೆನಪುಂಟು. ಮನೆಯಲ್ಲಿ ನಮ್ಮ ಮಾತು ತುಳು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಅಲ್ಲ ಮಾರಾಯ್ತಿ, ಅವರು ಎಲುಬನ್ನೇ ಗರಗಸದಲ್ಲಿ ಕೊಯ್ಯುದಂತೆ. ಆಮೇಲೆ ತಂತಿಯಲ್ಲಿ ಹೊಲಿಯುದು."

"ಅದೆಲ್ಲ ನೀವ್ಯಾಕೆ ನೋಡ್ತೀರಿ? ದೇವರಿದ್ದಾನೆ. ಊಟಕ್ಕೆ ಬನ್ನಿ."

ಇನ್ನೊಂದು ದಿನ ಕತ್ತರಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. "ಕೊಯ್ದ ಬಟ್ಟೆಯನ್ನು ಎಷ್ಟು ಚಂದ ಹೊಲಿದ್ರೂ ಅದು ಮೊದಲಿನ ಬಟ್ಟೆ ಅಲ್ಲ" ಎಂದರು. ನಾನು ಕುಂಕುಮಾರ್ಚನೆಯ ಪ್ರಸಾದ ತಂದು ಹಣೆಗೆ ಹಚ್ಚಿದೆ. ಆಮೇಲೆ ಅವರು ಮಾತು ಸುರು ಮಾಡುವುದನ್ನೇ ಬಿಟ್ಟರು. ಧೈರ್ಯ ಬಂತು ಎಂದು ಎಣಿಸಿ ಆ ಸಂಜೆ ದೇವರಿಗೆ ಹೇಳುವ ಮೂರರಲ್ಲಿ ಅದನ್ನೂ ಸೇರಿಸಿದೆ.

ಆ ದಿನಗಳಲ್ಲೇ ಒಮ್ಮೆ ಕಾಕ ಬಂದಿದ್ದರು. ಇವರ ಅಂಗಡಿಯ ಪಕ್ಕದಲ್ಲಿ ಬಟ್ಟೆ ವ್ಯಾಪಾರ ಮಾಡುವ ಬ್ಯಾರಿ ಮುಸ್ಲಿಮರು ಅವರು. ಜಂಕ್ಷನ್ನಿನಲ್ಲಿ ಎಲ್ಲರಿಗೂ ಕಾಕ. ಅವರ ಅಂಗಡಿಯಲ್ಲಿ ಬಟ್ಟೆ ತೆಗೆದವರು ಇವರಲ್ಲಿ ಹೊಲಿಸುವುದು, ಅಷ್ಟು ಹಳೆಯ ಲೆಕ್ಕ. ಎರಡು ವರ್ಷ ಮೊದಲು ಅವರಿಗೂ ಇದೇ ಆಪರೇಷನ್ ಆಗಿತ್ತು. ಆಗ ಆಸ್ಪತ್ರೆಗೆ ಹೋಗುವ ಮೊದಲು ಅವರು ಮಾಡಿದ್ದನ್ನು ಕಬಕದಲ್ಲಿ ಯಾರೂ ಮರೆತಿಲ್ಲ. ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ ಎಂದು ಕೈ ಹಿಡಿದು ಕೇಳಿದ್ದರು. ಅವರಲ್ಲಿ ಅದಕ್ಕೆ ಪೊರುತ್ತ ಕೇಳುವುದು ಎನ್ನುತ್ತಾರೆ. ಹಜ್ಜಿಗೆ ಹೋಗುವವರು, ದೊಡ್ಡ ಆಪರೇಷನ್ನಿಗೆ ಹೋಗುವವರು ಕೇಳುವ ಕ್ರಮ. ನಮ್ಮ ಜಗಲಿಯಲ್ಲೂ ಕೂತು ಅತ್ತು, ಚಾ ಕುಡಿದು, ಪುನಃ ಅತ್ತು ಹೋಗಿದ್ದರು.

ಈ ಸಲ ಇವರ ಎದುರು ಕೂತು ನೇರವಾಗಿ ಕೇಳಿದರು. "ಟೈಲರ್ರೆ, ಹೆದರಿಕೆ ಉಂಟಾ ಹೇಗೆ?"

ಇವರು ಬಾಯಿ ತೆರೆಯುವ ಮೊದಲೇ ನಾನು ಒಳಗಿನಿಂದ ಹೇಳಿದೆ. "ಅವರಿಗೆ ಎಂತ ಹೆದರಿಕೆ ಕಾಕ. ನಿಮ್ಮ ಹಾಗೆ ಊರೆಲ್ಲ ಕೂಗಿ ಹೇಳುವವರಾ?"

ಕಾಕ ನಕ್ಕರು. "ನಾನು ಕೂಗಿದ್ದು ಹೌದಕ್ಕ. ಥಿಯೇಟರಿಗೆ ಹೋಗುವಾಗ ಕಣ್ಣಲ್ಲಿ ನೀರೇ ಉಳಿದಿರಲಿಲ್ಲ. ನಿಮ್ಮವರದ್ದು ಎಲ್ಲ ಒಳಗೇ ಸ್ಟಾಕು."

ನನಗೆ ಆ ಮಾತು ಹಿಡಿಸಲಿಲ್ಲ. ಚಾಕ್ಕೆ ಸಕ್ಕರೆ ಕಮ್ಮಿ ಹಾಕಿದೆ, ಡಯಾಬಿಟಿಸ್ ಉಂಟಲ್ಲ ಎಂದು ನೆವ ಹೇಳಿಕೊಂಡು.

ಆಸ್ಪತ್ರೆಗೆ ಸೇರಿದ ದಿನ ಬೆಳಿಗ್ಗೆ ಒಬ್ಬಳು ನರ್ಸ್ ಕಾಗದ ಹಿಡಿದು ಬಂದಳು. ಕೇರಳದ ಕಡೆಯ ಹುಡುಗಿ. ಕನ್ನಡ ಕಲಿತಿದ್ದಳು, ಆದರೆ ಶಬ್ದ ಸಿಗದಾಗ ಅವಳ ಭಾಷೆಯದ್ದನ್ನೇ ಹಾಕಿ ಮುಂದೆ ಹೋಗುತ್ತಿದ್ದಳು. ನಿದ್ದೆ ಬರ್ತದಾ, ಹಸಿವು ಉಂಟಾ, ಹಲ್ಲು ಕಟ್ಟಿಸಿದ್ದಾ ಎಂದೆಲ್ಲ ಕೇಳಿ, ಪೆನ್ನು ಎತ್ತಿ ಇವರ ಮುಖ ನೋಡಿದಳು.

"ಅಜ್ಜ, ಸಂಕಟ ಉಂಟಾ?"

ಇವರು ಒಂದು ಗಳಿಗೆ ಸುಮ್ಮನಿದ್ದು, "ಈಗ ಇಲ್ಲ" ಎಂದರು.

ನಾನು ಸೇರಿಸಿದೆ. "ಮೊನ್ನೆ ಸ್ವಲ್ಪ ಇತ್ತು ಸಿಸ್ಟರ್. ನಾಲಗೆಯ ಅಡಿಗೆ ಮಾತ್ರೆ ಇಟ್ಟ ಮೇಲೆ ಹೋಯ್ತು."

ಅವಳು ನಕ್ಕಳು. "ಮಾತ್ರೆಯಲ್ಲಿ ಸಂಕಟ ಹೋಗ್ತದಾ ಅಮ್ಮ? ನಿಮ್ಮ ಅಜ್ಜ ಪುಣ್ಯ ಮಾಡಿದ್ದಾರೆ."

ಇದರಲ್ಲಿ ನಗುವುದಕ್ಕೆ ಏನುಂಟು ಎಂದು ನನಗೆ ಗೊತ್ತಾಗಲಿಲ್ಲ. ಅವಳು ಕಾಗದದಲ್ಲಿ ಗೀಟು ಹಾಕಿ ಹೋದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಐದನೆಯ ದಿನ ವಾರ್ಡಿನಲ್ಲಿ ನಡೆದರು, ಹತ್ತನೆಯ ದಿನ ಮನೆಗೆ ಬಂದೆವು. ಆ ದಿನಗಳಲ್ಲಿ ನನ್ನ ಎಣಿಕೆ ಮೂರಕ್ಕೆ ನಿಲ್ಲುತ್ತಿರಲಿಲ್ಲ. ಕೆಮ್ಮು ಬಂದರೆ ತಲೆದಿಂಬನ್ನು ಎದೆಗೆ ಅಪ್ಪಿ ಹಿಡಿಯಬೇಕು ಎಂದು ಹೇಳಿಕೊಟ್ಟಿದ್ದರು, ಕೆಮ್ಮೇ ಬರಲಿಲ್ಲ. ಹೃದಯಕ್ಕೆ ಜೋಡಿಸಲು ನಾಳ ತೆಗೆದ ಕಾಲಿನ ಗಾಯದಲ್ಲಿ ಕೀವು ಆಗಲಿಲ್ಲ. ಗಂಜಿಯ ಜೊತೆ ಉಪ್ಪಿಲ್ಲದ ಪಲ್ಯವನ್ನು ಒಂದು ದಿನವೂ ಬೈಯದೆ ತಿಂದರು.

ಎರಡು ತಿಂಗಳಾಗುವಾಗ ಉರಿ ಸುರುವಾಯಿತು. ನಡುವಿನ ಗಾಯದಲ್ಲಿ ಅಲ್ಲ, ಅದರ ಎಡಕ್ಕೆ, ಅಂಗಿಯ ಕಿಸೆ ಬರುವ ಜಾಗದಲ್ಲಿ. ಬಟ್ಟೆ ತಾಗಿದರೆ ಮೆಣಸು ಅರೆದು ಹಚ್ಚಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಒಳಗಿನದು ಮಾಗುವುದಾಗಿರಬೇಕು ಎಂದು ಮೂರು ತಿಂಗಳು ಕಾದೆವು. ಹಳೆಯ ಅಂಗಿಗಳನ್ನು ಒಗೆದು ಒಗೆದು ಮೆತ್ತಗೆ ಮಾಡಿ ಕೊಟ್ಟೆ. ಒಂದನ್ನು ಹಾಕಿ ಗೇಟಿನವರೆಗೆ ಹೋದವರು ಅಲ್ಲೇ ಗುಂಡಿ ಬಿಚ್ಚಿ ವಾಪಸು ಬಂದರು.

ನಾನೊಂದು ದಿನ ಹೇಳಬಾರದ್ದನ್ನು ಹೇಳಿಬಿಟ್ಟೆ. "ಹರಕೆ ಬಾಕಿ ಇಟ್ಟದ್ದಕ್ಕೇ ಹೀಗೆ ಆಗುದೋ ಎಂತದೋ."

ಇವರು ತಲೆ ಎತ್ತದೆ ಹೇಳಿದರು. "ಹೋಗಲಿಕ್ಕೆ ಅಂಗಿ ಬೇಕು. ಅಂಗಿ ಹಾಕಲಿಕ್ಕೆ ನೋವು ಹೋಗಬೇಕು. ನೋವು ಹೋಗಲಿಕ್ಕೆ ಹರಕೆ ತೀರಬೇಕು. ನೀನೇ ಹೇಳು, ನಾನು ಎಲ್ಲಿಂದ ಸುರು ಮಾಡುದು?"

ಐದು ತಿಂಗಳಿಗೆ ತಪಾಸಣೆಗೆ ಕರೆದಿದ್ದರು. ಕಾರು ಮಾಡಿಕೊಂಡು, ಎದೆಯ ಮೇಲೆ ಬಟ್ಟೆ ತಾಗದ ಹಾಗೆ ಶಾಲನ್ನು ಕೈಯಿಂದ ಎತ್ತಿ ಹಿಡಿದುಕೊಂಡೇ ಇವರು ಮಂಗಳೂರಿಗೆ ಬಂದರು. ಡಾಕ್ಟರು ಹತ್ತಿಯ ಚೂರನ್ನು ಎದೆಯ ಮೇಲೆ ಅಲ್ಲಲ್ಲಿ ತಾಗಿಸಿ ನೋಡಿದರು. ಎಡಕ್ಕೆ ಬಂದಾಗ ಇವರು ಹಲ್ಲು ಕಚ್ಚಿದರು.

"ಈ ನೋವು ಸುಳ್ಳಲ್ಲ" ಎಂದರು ಡಾಕ್ಟರು. ಅಷ್ಟು ಹೇಳಿದ್ದಕ್ಕೇ ಇವರ ಹೆಗಲು ಸ್ವಲ್ಪ ಇಳಿದದ್ದನ್ನು ನಾನು ಕಂಡೆ. "ಎದೆಯ ಒಳಬದಿಯ ರಕ್ತನಾಳ ತೆಗೆಯುವಾಗ ಅಲ್ಲಿಯ ನರಕ್ಕೆ ಪೆಟ್ಟಾಗ್ತದೆ. ಹೆಚ್ಚಿನವರಿಗೆ ಮೆಲ್ಲ ಕಮ್ಮಿ ಆಗ್ತದೆ. ಕೆಲವರಿಗೆ ಉಳಿಯುತ್ತದೆ. ವಯಸ್ಸಾದವರು ಮನಸ್ಸಿನಲ್ಲಿ ತುಂಬ ಭಯ, ಬೇಸರ ಇಟ್ಟುಕೊಂಡು ಥಿಯೇಟರಿಗೆ ಬಂದರೆ ಹೀಗೆ ಉಳಿಯುವುದು ಜಾಸ್ತಿ. ಹೆದರಿದ ಶರೀರ ಕಾವಲು ಬಿಡುವುದಿಲ್ಲ, ಬಟ್ಟೆ ತಾಗಿದರೂ ಪೆಟ್ಟು ಎಂದೇ ತಿಳಿಯುತ್ತದೆ. ಅದಕ್ಕೇ ನಾವು ಮೊದಲೇ ಕೇಳುವುದು." ಫೈಲು ತಿರುವಿ ನೋಡಿದರು. "ನಿಮ್ಮದರಲ್ಲಿ ಮನಸ್ಸಿಗೆ ಏನೂ ಕಷ್ಟ ಇಲ್ಲ ಅಂತ ಬರೆದಿದೆಯಲ್ಲ."

"ನಮ್ಮಲ್ಲಿ ಯಾರೂ ಹಾಗೆ ಕೇಳಲೇ ಇಲ್ಲ ಡಾಕ್ಟ್ರೆ" ಎಂದೆ ನಾನು, ಸ್ವಲ್ಪ ಸಿಟ್ಟಿನಿಂದಲೇ.

ಅವರು ವಾದ ಮಾಡಲಿಲ್ಲ. ನರದ ನೋವಿಗೆ ಒಂದು ಸಣ್ಣ ಮಾತ್ರೆ ಬರೆದರು. ದಿನಕ್ಕೆ ಎರಡು ಸಲ ಆ ಜಾಗವನ್ನು ಬಟ್ಟೆಯಿಂದ ಮೆಲ್ಲಗೆ ಸವರಬೇಕು, ಮೊದಲು ತುಂಬ ಮೆತ್ತಗಿನದು, ಅಭ್ಯಾಸವಾದ ಹಾಗೆ ಸ್ವಲ್ಪ ಸ್ವಲ್ಪ ಒರಟು, ಹಾಗೆ ನರಕ್ಕೆ ಪಾಠ ಹೇಳಬೇಕು ಎಂದರು. ಕೊನೆಗೆ ಇವರನ್ನು ನೋಡಿ, "ಮನೆಯಲ್ಲಿ ಯಾರ ಹತ್ತಿರವಾದರೂ ಮಾತಾಡಿ. ಆಗದಿದ್ದರೆ ಇಲ್ಲಿ ಮಾತಾಡಲಿಕ್ಕೆ ಜನ ಇದ್ದಾರೆ, ಬನ್ನಿ" ಎಂದರು.

ಮರುದಿನ ಕಾಕ ಸುದ್ದಿ ಕೇಳಲು ಬಂದರು. ಇವರು ಸ್ನಾನಕ್ಕೆ ಹೋಗಿದ್ದರು. ನಾನು ಆಸ್ಪತ್ರೆಯವರ ಮೇಲೆ ದೂರು ಹೇಳಿದೆ. ಕೇಳದೆಯೇ ಕೇಳಿದ್ದೇವೆ ಎಂದು ಬರೆದಿದ್ದಾರೆ ನೋಡಿ, ಬಂದ ದಿನ ಆ ನರ್ಸ್ ಕೇಳಿದ್ದು ನಿದ್ದೆ, ಹಸಿವು, ಹಲ್ಲು, ಸಂಕಟ, ಇಷ್ಟೇ ಎಂದೆ.

"ಎಂತ ಕೇಳಿದ್ದು? ಇನ್ನೊಮ್ಮೆ ಹೇಳಿ."

"ಸಂಕಟ ಉಂಟಾ ಅಂತ. ಮಾತ್ರೆ ಇಟ್ಟ ಮೇಲೆ ಹೋಯ್ತು ಅಂತ ನಾನೇ ಹೇಳಿದ್ದು."

ಕಾಕ ಚಾದ ಗ್ಲಾಸು ಕೆಳಗಿಟ್ಟರು. "ಆ ಹುಡುಗಿ ಎಲ್ಲಿಯವಳು?"

"ಕೇರಳದವಳು."

"ಅಕ್ಕ, ಅವಳು ನಿಮ್ಮ ಸಂಕಟ ಕೇಳಿದ್ದಲ್ಲ, ಅವಳ ಸಂಕಟ ಕೇಳಿದ್ದು. ಮಲಯಾಳದಲ್ಲಿ ಸಂಕಟ ಅಂದ್ರೆ ಮನಸ್ಸಿನ ದುಃಖ. ದುಃಖ ಉಂಟಾ ಅಜ್ಜ ಅಂತ ಪಾಪ ಕೇಳಿದ್ದು. ನೀವು ಮಾತ್ರೆ ಕೊಟ್ಟು ಓಡಿಸಿದ್ದೀರಿ." ಮೊದಲು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು.

ಕಾಕನ ಬ್ಯಾರಿ ಮಾತು ಮಲಯಾಳಕ್ಕೆ ಹತ್ತಿರದ್ದು, ಅವರಿಗೆ ಗೊತ್ತಿರುತ್ತದೆ. ಪುಸ್ತಕದ ಕನ್ನಡದಲ್ಲಿ ಸಂಕಟ ಮನಸ್ಸಿನದೂ ಆಗಬಹುದು. ನಮ್ಮ ಬಾಯಿಯಲ್ಲಿ ಅದು ಶರೀರದ್ದು. ಹೊಟ್ಟೆ ಸಂಕಟ, ಎದೆ ಸಂಕಟ. ಮನಸ್ಸಿನದ್ದಕ್ಕೆ ಬೇಜಾರು ಎನ್ನುತ್ತೇವೆ, ಅದನ್ನು ಯಾರೂ ಕೇಳುವುದಿಲ್ಲ. ಒಬ್ಬಳು ಕೇಳಿದ್ದಳು. ಇವರು ಒಂದು ಗಳಿಗೆ ಸುಮ್ಮನಿದ್ದು ಉತ್ತರ ಹೇಳಿದ್ದು ನನಗೆ ಆಗ ನೆನಪಾಯಿತು.

ಆ ಸಂಜೆ ದೀಪ ಹಚ್ಚಿದೆ. ಮೂರು ಸಂಗತಿ ಹೇಳಲು ಬಾಯಿ ಬರಲಿಲ್ಲ. ಜಗಲಿಗೆ ಬಂದು ಇವರ ಹತ್ತಿರ ನೆಲದಲ್ಲಿ ಕೂತೆ. ಕಾಕ ಹೇಳಿದ್ದನ್ನು ಹೇಳಿದೆ. ಇವರಿಗೂ ನಗು ಬಂತು. ಆಮೇಲೆ ನಾನು ಆ ಹುಡುಗಿಯ ಪ್ರಶ್ನೆಯನ್ನೇ ಪುನಃ ಕೇಳಿದೆ. "ಅವಳ ಭಾಷೆಯ ಸಂಕಟ ಉಂಟಾ ನಿಮಗೆ?"

ಊಟಕ್ಕೆ ಬನ್ನಿ ಎಂದು ಹೇಳಲು ನನ್ನ ನಾಲಗೆ ಎರಡು ಸಲ ಎದ್ದಿತು. ಹಿಡಿದುಕೊಂಡೆ.

"ಅಣ್ಣನದ್ದು" ಎಂದರು.

ಸುಳ್ಯದಲ್ಲಿದ್ದ ಇವರ ಅಣ್ಣ ನಮ್ಮ ಮದುವೆಯಾದ ಕೆಲವು ವರ್ಷಕ್ಕೆ ಮಂಗಳೂರಿನಲ್ಲಿ ಹೃದಯದ ಆಪರೇಷನ್ ಮಾಡಿಸಿ ಏಳಲೇ ಇಲ್ಲ. ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದನ್ನು ಈಗ ಹೇಳಿದರು.

"ಬೆಳಿಗ್ಗೆ ನನ್ನ ಕೈ ಹಿಡಿದು, ತಮ್ಮ, ನನ್ನಿಂದ ಆಗುದಿಲ್ಲ, ಮನೆಗೆ ಹೋಗುವ ಅಂದ. ನಾನು ನಗಾಡಿದೆ. ಎಂತ ಆಗುದಿಲ್ಲ, ದೇವರಿದ್ದಾನೆ ಅಂದೆ. ಕಾಗದಕ್ಕೆ ಸೈನ್ ಹಾಕಿದ್ದು ನಾನೇ. ಅವನು ಮತ್ತೆ ಒಂದು ಮಾತೂ ಆಡಲಿಲ್ಲ. ಗಾಡಿಯಲ್ಲಿ ಮಲಗಿಸಿ ತಗೊಂಡು ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ." ಬೈರಾಸಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನನ್ನನ್ನು ತಗೊಂಡು ಹೋಗುವಾಗಲೂ ಅವನೇ ಕಣ್ಣೆದುರು ಇದ್ದದ್ದು. ಈಗಲೂ ಬಟ್ಟೆ ತಾಗಿದ ಕೂಡಲೇ ಅಲ್ಲಿಗೇ ಹೋಗ್ತೇನೆ."

ಅವರು ಅಣ್ಣನಿಗೆ ಹೇಳಿದ ಮಾತನ್ನೇ ನಾನು ಅವರಿಗೆ ಹೇಳಿದ್ದೆ, ಅಕ್ಷರವೂ ಬದಲಿಸದೆ. ದೇವರಿದ್ದಾನೆ ಎನ್ನುವುದು ಸುಳ್ಳಲ್ಲ. ಆದರೆ ನಾನು ಅದನ್ನು ಹೇಳುತ್ತಿದ್ದದ್ದು ಇವರ ಹೆದರಿಕೆಯನ್ನು ನನ್ನ ಕಿವಿಯಿಂದ ದೂರ ಇಡಲು. ನನಗೂ ಹೆದರಿಕೆ ಇತ್ತು. "ನನ್ನದು ತಪ್ಪಾಯ್ತು" ಎಂದೆ.

"ಪೊರುತ್ತ ಕೇಳುದಾ?" ಎಂದರು ಇವರು. ಕಣ್ಣು ಒರೆಸಿಕೊಳ್ಳುತ್ತಲೇ ನಗುತ್ತಿದ್ದರು. ಆಮೇಲೆ ತುಂಬ ಹೊತ್ತು ಅಣ್ಣನ ವಿಷಯ ಮಾತಾಡಿದರು. ಸಣ್ಣವರಿರುವಾಗ ಕೈ ಹಿಡಿದು ಗದ್ದೆಗೆ ಇಳಿಸಿದ್ದು, ಮೊದಲ ಕತ್ತರಿ ತೆಗೆದು ಕೊಟ್ಟದ್ದು. ಗಂಜಿ ಆರಿ ಹೋಯಿತು. ಬಿಸಿ ಮಾಡಿದೆ.

ಅಂದಿನಿಂದ ದೀಪದ ಹೊತ್ತಿನ ಕ್ರಮ ಬದಲಾಯಿತು. ನನ್ನ ಮೂರು ಒಳ್ಳೆಯದಕ್ಕೆ ಮೊದಲು ಇವರ ಒಂದು ಕೆಟ್ಟದ್ದು. ಯಾವುದಾದರೂ ಆಗಬಹುದು, ನಾನು ನಡುವೆ ಬಾಯಿ ಹಾಕಬಾರದು, ಸಮಾಧಾನವನ್ನೂ ಹೇಳಬಾರದು. ಇದು ನನಗೆ ಉಪವಾಸಕ್ಕಿಂತ ಕಷ್ಟದ ವ್ರತ. ಕೆಲವು ದಿನ ಅಣ್ಣ, ಕೆಲವು ದಿನ ಗರಗಸ. ಒಂದು ದಿನ, ನಾನು ಹೋದರೆ ನೀನು ಮಿಶನ್ನನ್ನು ಗುಜರಿಗೆ ಹಾಕ್ತೀಯ ಎಂದರು. ಕೆಲವು ದಿನ ಏನೂ ಇಲ್ಲ, ಸಾರು ಸಪ್ಪೆ, ಅಷ್ಟೇ.

ಬಟ್ಟೆ ಸವರುವ ಕೆಲಸವನ್ನು ಇವರೇ ವಹಿಸಿಕೊಂಡರು. ನಾನು ಹತ್ತಿಯ ಉಂಡೆ ಕೊಟ್ಟರೆ, "ಇದು ಟೈಲರನ ಮನೆ" ಎಂದು ಬದಿಗಿಟ್ಟರು. ಅಂಗಡಿಯಿಂದ ತುಂಡುಬಟ್ಟೆಯ ಚೀಲ ತರಿಸಿ, ಮೊದಲ ಸಲ ಮಿಶನ್ನಿನ ಲುಂಗಿ ಸರಿಸಿ, ಅದರ ಮೇಲೆ ಒಂದೊಂದನ್ನು ಬೆರಳಲ್ಲಿ ಉಜ್ಜಿ ಸಾಲಾಗಿ ಇಟ್ಟರು. ಮೊದಲು ಶಿಶುವಿನ ಅಂಗಿಗೆ ಹಾಕುವ ಮಲ್ಲು. ಆಮೇಲೆ ಪಾಪ್ಲಿನ್. ಆಮೇಲೆ ಹಳೆಯ ಪಂಚೆ, ಟೆರಿಕಾಟ್. ಕೊನೆಗೆ ಶಾಲೆ ಮಕ್ಕಳ ಚಡ್ಡಿಯ ಒರಟು ಡ್ರಿಲ್ಲು. ಮಲ್ಲಿನಲ್ಲೇ ಮೂರು ವಾರ ಕಳೆಯಿತು. ಪಾಪ್ಲಿನ್ನಿಗೆ ಹೋದ ದಿನ ಪುನಃ ಉರಿ ಎದ್ದು ನಾಲ್ಕು ದಿನ ಬಿಟ್ಟರು. ಕಾಕ ದಿನಾ ಬಂದು ವಿಚಾರಿಸುತ್ತಿದ್ದರು.

"ಎಲ್ಲಿವರೆಗೆ ಬಂತು ಟೈಲರ್ರೆ?"

"ಪಂಚೆ."

"ಟೆರಿಕಾಟಿಗೆ ಬಂದಾಗ ಹೇಳಿ. ಅಲ್ಲಿಂದ ಮುಂದೆ ನನ್ನ ಅಂಗಡಿಯ ಮಾಲು."

ಮಾತ್ರೆಯಿಂದ ಕಮ್ಮಿಯಾಯಿತೋ, ಬಟ್ಟೆಯಿಂದಲೋ, ಮಾತಿನಿಂದಲೋ ನನಗೆ ಗೊತ್ತಿಲ್ಲ. ಎಲ್ಲವೂ ಒಟ್ಟಿಗೆ ನಡೆಯುತ್ತಿತ್ತು. ಪೂರ್ತಿ ಹೋಗಿದೆ ಎಂದೂ ಹೇಳಲಾರೆ. ಮೋಡ ಕಟ್ಟಿದ ದಿನ ಈಗಲೂ ಎಡಗೈ ಎದೆಯ ಹತ್ತಿರ ಹೋಗುತ್ತದೆ. ಆದರೆ ಹತ್ತನೆಯ ತಿಂಗಳಿನಲ್ಲಿ ಒಂದು ಬೆಳಿಗ್ಗೆ ನಾನು ದೋಸೆ ಹೊಯ್ಯುವಾಗ ಮಿಶನ್ನಿನ ಸದ್ದು ಕೇಳಿತು. ಹೋಗಿ ನೋಡಲಿಲ್ಲ. ದೋಸೆ ಮಗುಚುವುದನ್ನು ಮರೆತೆ. ಎರಡು ದಿನ ಬಿಟ್ಟು ತಿಳಿನೀಲಿಯ ಪಾಪ್ಲಿನ್ ಅಂಗಿ ತಂದು ತೋರಿಸಿದರು. ಹೊಲಿಗೆಗಳೆಲ್ಲ ಹೊರಕ್ಕೆ, ಒಳಗೆ ನುಣ್ಣಗೆ. ಕಿಸೆ ಬಲಗಡೆ.

"ಉಲ್ಟಾ ಆಯ್ತಲ್ಲ" ಎಂದೆ.

"ಯಾರು ನೋಡ್ತಾರೆ. ಹರಕೆ ತೀರಿಸಿ ಬರುವ."

ಪುತ್ತೂರಿನಿಂದ ರೈಲಿನಲ್ಲಿ ನೆಟ್ಟಣಕ್ಕೆ ಹೋಗಿ, ಅಲ್ಲಿಂದ ಜೀಪು ಹಿಡಿದೆವು. ರೈಲಿನಲ್ಲಿ ಕಿಟಕಿಯ ಬದಿ ಸಿಕ್ಕಿತು, ಜೀಪಿನವನು ಮುಂದಿನ ಸೀಟು ಕೊಟ್ಟ. ಇವರು ದಾರಿಯುದ್ದಕ್ಕೂ ಗುಂಡಿ ಮುಟ್ಟಲಿಲ್ಲ. ದೇವಸ್ಥಾನದ ಬಾಗಿಲಿನಲ್ಲಿ ನಿಂತಿದ್ದವರು ನಮ್ಮ ಕಡೆಯ ಕ್ರಮದಂತೆ ಗಂಡಸರಿಗೆಲ್ಲ ಹೇಳುವುದನ್ನು ಇವರಿಗೂ ಹೇಳಿದರು. "ಅಂಗಿ ತೆಗೀರಿ."

ಇವರು ನಿಂತುಬಿಟ್ಟರು. ನನ್ನನ್ನು ನೋಡಿದರು. "ಹತ್ತು ತಿಂಗಳು ಕಷ್ಟಪಟ್ಟು ಹಾಕಿದ್ದು ಮಾರಾಯ್ರೆ. ಬಾಗಿಲಲ್ಲೇ ತೆಗೀಬೇಕಾ?"

ಬಾಗಿಲಿನವರಿಗೆ ಅರ್ಥವಾಗಲಿಲ್ಲ. ನಾವಿಬ್ಬರೂ ನಗುತ್ತಿದ್ದೆವು. ಇವರು ಗುಂಡಿ ಬಿಚ್ಚಿ, ಅಂಗಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಎದೆಯ ಉದ್ದದ ಗೀಟು ಎಲ್ಲರಿಗೂ ಕಾಣುವ ಹಾಗೆ ಒಳಗೆ ಹೋಗಿ ದೇವರ ಮುಂದೆ ನಿಂತರು. ನಾನು ಹಿಂದೆ ಅಂಗಿ ಹಿಡಿದು ನಿಂತೆ. ಏನನ್ನೂ ಕೇಳಿಕೊಳ್ಳಲಿಲ್ಲ.

ಹೊರಗೆ ಬಂದು, ಬಿಸಿಲಿನಲ್ಲಿ, ಗುಂಡಿ ಹಾಕಲು ನಾನು ಕೈ ಮುಂದೆ ಮಾಡಿದೆ. "ಕೊಡು, ನಾನೇ ಹಾಕ್ತೇನೆ" ಎಂದರು. ಕೆಳಗಿನ ಗುಂಡಿಯಿಂದ ಸುರು ಮಾಡಿ ಮೆಲ್ಲ ಮೇಲೆ ಬಂದರು. ಎದೆಯ ಹತ್ತಿರದ್ದಕ್ಕೆ ಒಮ್ಮೆ ನಿಲ್ಲಿಸಿದರು.

"ಸಂಕಟ ಉಂಟಾ?" ಎಂದು ಕೇಳಿದೆ.

"ಯಾವುದು? ನಮ್ಮದಾ, ಆ ಹುಡುಗಿಯದ್ದಾ?"

"ಎರಡೂ."

"ನಮ್ಮದು ಸ್ವಲ್ಪ ಉಂಟು" ಎಂದು ಆ ಗುಂಡಿಯನ್ನೂ ಹಾಕಿದರು. ಪ್ರಸಾದದ ಪೊಟ್ಟಣವನ್ನು ಬಲಗಡೆಯ ಕಿಸೆಯಲ್ಲಿ ಇಟ್ಟುಕೊಂಡು ಜೀಪಿನ ಕಡೆಗೆ ನಡೆದರು.